ಮನೆಯ ಕಂಪ್ಯೂಟರ್: ಕರೆಂಟು, ದೂಳು, ಕಡತ

ಮನೆಬಳಕೆಯ ಕಂಪ್ಯೂಟರ್ ಕೈಕೊಡಲು ಮುಖ್ಯ ಕಾರಣಗಳು ನಾಲ್ಕು: ವಿದ್ಯುತ್ತಿನ ಏರಿಳಿತ, ದೂಳು ತುಂಬಿ ಏರುವ ಬಿಸಿ, ಸವೆದ ಹಾರ್ಡ್ ಡಿಸ್ಕ್, ಕೆಟ್ಟ ತಂತ್ರಾಂಶ. ತೊಂದರೆ ಕಾಣಿಸಿದಾಗ ಇದೇ ಕ್ರಮದಲ್ಲಿ ಹುಡುಕುತ್ತ ಹೋದರೆ ದೋಷ ಎಲ್ಲಿದೆ ಎಂಬುದು ಎಷ್ಟೋ ಸಲ ಮನೆಯಲ್ಲೇ ಗೊತ್ತಾಗುತ್ತದೆ. ರೂಢಿಯಲ್ಲಿ ಮಾತ್ರ ಹುಡುಕಾಟ ತಿರುಗುಮುರುಗಾಗಿ ನಡೆಯುತ್ತದೆ. ಯಂತ್ರ ನಿಧಾನವಾಯಿತೆಂದರೆ ಮೊದಲು ಕೇಳಿಬರುವ ಮಾತೇ ‘ಫಾರ್ಮ್ಯಾಟ್ ಮಾಡಿಸಿ’ ಎಂಬುದು. ಫಾರ್ಮ್ಯಾಟ್ ಮಾಡಿಸುವುದರಿಂದ ಕರೆಂಟಿನ ದೋಷವೂ ಹೋಗದು, ದೂಳೂ ಹೋಗದು. ಹೋಗುವುದು ಡಿಸ್ಕಿನಲ್ಲಿರುವ ಕಡತಗಳು. ಕೆಟ್ಟ ಬಿಡಿಭಾಗ ಅಂಗಡಿಯಲ್ಲಿ ಮತ್ತೆ ಸಿಗುತ್ತದೆ, ಅಳಿಸಿಹೋದ ಮದುವೆಯ ಫೋಟೊ ಸಿಗುವುದಿಲ್ಲ. ಆದ್ದರಿಂದ ಫಾರ್ಮ್ಯಾಟ್ ಎಂಬುದು ಕೊನೆಯ ಹೆಜ್ಜೆಯಾಗಬೇಕು.

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳಲ್ಲಿ ಮೊದಲ ಎರಡು ಕಾರಣಗಳ ತೂಕ ಹೆಚ್ಚು. ದೊಡ್ಡಬಳ್ಳಾಪುರದಲ್ಲಿ ಮನೆಗೆ ಸೇರಿದಂತೆಯೇ ವಿದ್ಯುತ್ ಮಗ್ಗಗಳು ಓಡುತ್ತವೆ. ಹಳ್ಳಿಗಳ ತೋಟದ ಮನೆಗಳು ಕೊಳವೆಬಾವಿಯ ಮೋಟಾರಿನೊಂದಿಗೆ ಒಂದೇ ಲೈನನ್ನು ಹಂಚಿಕೊಂಡಿರುತ್ತವೆ. ಹೆದ್ದಾರಿ ಲಾರಿಗಳು, ಕಲ್ಲಿನ ಕ್ರಷರ್‌ಗಳು, ಹೊಸ ಬಡಾವಣೆಗಳ ಕಾಮಗಾರಿ ವರ್ಷದ ಬಹುಭಾಗ ದೂಳೆಬ್ಬಿಸುತ್ತವೆ. ಇಲ್ಲಿನ ಕಂಪ್ಯೂಟರಿಗೆ ಬೇಕಾದ ಆರೈಕೆಯೂ ಇದಕ್ಕೆ ತಕ್ಕಂತೆ ಇರಬೇಕು.

ಕರೆಂಟು, ಅರ್ಥಿಂಗ್, ಸಿಡಿಲು

ಮನೆಗೆ ಬರುವ ವಿದ್ಯುತ್ತಿನ ನಿಗದಿತ ಮಟ್ಟ 230 ವೋಲ್ಟ್. ಪಕ್ಕದಲ್ಲಿ ಮಗ್ಗವೋ ಪಂಪ್‌ಸೆಟ್ಟೋ ಚಾಲೂ ಆಗುವ ಕ್ಷಣದಲ್ಲಿ ಮೋಟಾರು ಒಮ್ಮೆಲೇ ಹೆಚ್ಚು ವಿದ್ಯುತ್ ಎಳೆಯುತ್ತದೆ. ಅದೇ ಟ್ರಾನ್ಸ್‌ಫಾರ್ಮರಿನ ಮನೆಗಳಲ್ಲಿ ದೀಪ ಮಂಕಾಗುತ್ತದೆ. ಹೋದ ಕರೆಂಟು ಮರಳಿ ಬರುವಾಗ ಇದಕ್ಕೆ ವಿರುದ್ಧವಾಗಿ ಕ್ಷಣಕಾಲ ವೋಲ್ಟೇಜ್ ಜಿಗಿಯಬಹುದು. ಹಳ್ಳಿಗಳಲ್ಲಿ ಮನೆಗಳ ಫೀಡರನ್ನು ಪಂಪ್‌ಸೆಟ್ ಫೀಡರಿನಿಂದ ಬೇರ್ಪಡಿಸಲು ರಾಜ್ಯದಲ್ಲಿ ನಿರಂತರ ಜ್ಯೋತಿ ಯೋಜನೆ ಬಂತು. ಊರಿನಿಂದ ದೂರ ಇರುವ ತೋಟದ ಮನೆಗಳಲ್ಲಿ ಹಲವು ಇನ್ನೂ ಪಂಪ್‌ಸೆಟ್ ಲೈನಿನಲ್ಲೇ ಉಳಿದಿವೆ. ಇಂಥ ಕಡೆ ಯುಪಿಎಸ್ ಇಲ್ಲದೆ ಡೆಸ್ಕ್‌ಟಾಪ್ ನಡೆಸಿದರೆ ಒಳಭಾಗಗಳಿಗೆ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್ ಪೆಟ್ಟಿಗೆ ಮತ್ತು ಹಾರ್ಡ್ ಡಿಸ್ಕ್ ಎರಡೂ ಬೇಗ ಸೊರಗುತ್ತವೆ.

600 ವಿಎ ಎಂದು ಬರೆದಿರುವ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್‌ವರೆಗಿನ ಹೊರೆ ಹೊರುತ್ತದೆ. ಸಾಧಾರಣ ಡೆಸ್ಕ್‌ಟಾಪಿಗೆ ಇಷ್ಟು ಸಾಕು. ಇದು ಗಂಟೆಗಟ್ಟಲೆ ಕೆಲಸ ಮಾಡಲಿಕ್ಕಲ್ಲ. ಕಡತ ಉಳಿಸಿ ಸರಿಯಾಗಿ ಶಟ್‌ಡೌನ್ ಮಾಡಲು ಬೇಕಾದ ಕೆಲವು ನಿಮಿಷ ಕೊಡಲಿಕ್ಕೆ. ಲೇಸರ್ ಪ್ರಿಂಟರನ್ನು ಯುಪಿಎಸ್‌ಗೆ ಜೋಡಿಸಬಾರದು, ಅದು ಬಿಸಿಯಾಗುವಾಗ ಎಳೆಯುವ ವಿದ್ಯುತ್ತನ್ನು ಸಣ್ಣ ಯುಪಿಎಸ್ ತಾಳದು. ಒಳಗಿನ 12 ವೋಲ್ಟ್, 7 ಎಎಚ್ ಬ್ಯಾಟರಿಯ ಆಯುಸ್ಸು ಸುಮಾರು ಎರಡರಿಂದ ಮೂರು ವರ್ಷ. ಮೂರು ತಿಂಗಳಿಗೊಮ್ಮೆ, ಯಾವ ಕಡತವನ್ನೂ ತೆರೆದಿಡದೆ, ಯುಪಿಎಸ್ಸಿನ ಪ್ಲಗ್ಗನ್ನು ಗೋಡೆಯಿಂದ ತೆಗೆದು ನೋಡಬೇಕು. ಒಂದೆರಡು ನಿಮಿಷದಲ್ಲೇ ಯಂತ್ರ ಆರಿದರೆ ಬ್ಯಾಟರಿ ಮುಗಿದಿದೆ ಎಂದರ್ಥ. ಬದಲಾಯಿಸಬೇಕಾದದ್ದು ಬ್ಯಾಟರಿಯನ್ನು ಮಾತ್ರ, ಯುಪಿಎಸ್ಸನ್ನಲ್ಲ.

ಇಡೀ ಮನೆಗೆ ಇನ್ವರ್ಟರ್ ಇದ್ದರೂ ಕರೆಂಟು ಹೋದ ಕೂಡಲೇ ಕಂಪ್ಯೂಟರ್ ಆರಿ ಮತ್ತೆ ಚಾಲೂ ಆಗುತ್ತಿದ್ದರೆ ಇನ್ವರ್ಟರಿನ ಗುಂಡಿಯನ್ನು ನೋಡಬೇಕು. ಹಲವು ಇನ್ವರ್ಟರ್‌ಗಳಲ್ಲಿ ‘ನಾರ್ಮಲ್’ ಮತ್ತು ‘ಯುಪಿಎಸ್’ ಎಂಬ ಎರಡು ಆಯ್ಕೆ ಇರುತ್ತವೆ. ‘ಯುಪಿಎಸ್’ ಕಡೆಗೆ ಇಟ್ಟರೆ ಕರೆಂಟಿನಿಂದ ಬ್ಯಾಟರಿಗೆ ಹೊರಳುವುದು ಬೇಗ ನಡೆಯುತ್ತದೆ, ಕಂಪ್ಯೂಟರಿಗೆ ಅದು ತಿಳಿಯುವುದೇ ಇಲ್ಲ.

ಕ್ಯಾಬಿನೆಟ್ಟಿನ ಲೋಹ ಮುಟ್ಟಿದಾಗ ಜುಮ್ಮೆನ್ನುತ್ತಿದ್ದರೆ ಅದು ಅರ್ಥಿಂಗ್ ಇಲ್ಲದ ಲಕ್ಷಣ. ಎಸ್‌ಎಂಪಿಎಸ್‌ನೊಳಗಿನ ಶೋಧಕ ಬಿಡಿಭಾಗಗಳಿಂದ ಅಲ್ಪ ವಿದ್ಯುತ್ ಸದಾ ಕ್ಯಾಬಿನೆಟ್ಟಿಗೆ ಹರಿಯುತ್ತದೆ. ಪ್ಲಗ್ಗಿನ ಮೂರನೆಯ ಪಿನ್ನು ಅದನ್ನು ನೆಲಕ್ಕೆ ಒಯ್ಯಬೇಕು. ಆ ಪಿನ್ನನ್ನು ಮುರಿದು ಎರಡು ಪಿನ್ನಿನ ಬೋರ್ಡಿಗೆ ಚುಚ್ಚಿದರೆ ದಾರಿ ಮುಚ್ಚಿಹೋಗುತ್ತದೆ. ಈ ಭಾಗದ ನೆಲ ಬಂಡೆಯದ್ದು. ಬೇಸಿಗೆಯಲ್ಲಿ ಮಣ್ಣು ಒಣಗಿದಂತೆ ಅರ್ಥಿಂಗ್ ಗುಂಡಿಯ ಸಾಮರ್ಥ್ಯವೂ ಕುಗ್ಗುತ್ತದೆ. ಫೆಬ್ರುವರಿಯಿಂದ ಮಳೆ ಬರುವವರೆಗೆ ಗುಂಡಿಗೆ ಆಗಾಗ ನೀರು ಹಾಕುತ್ತಿರುವುದು ಒಳ್ಳೆಯದು. ಜುಮ್ಮೆನ್ನುವುದು ಆಗಲೂ ನಿಲ್ಲದಿದ್ದರೆ ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಕರೆಸಿ ಪರೀಕ್ಷೆ ಮಾಡಿಸಬೇಕು. ಬೀದಿಯ ಮನೆಗಳಿಗೆಲ್ಲ ವೋಲ್ಟೇಜ್ ಹೆಚ್ಚು ಕಡಿಮೆಯಾಗುತ್ತಿದ್ದರೆ ದೋಷ ಲೈನಿನದು. ಬೆಸ್ಕಾಂ ಸಹಾಯವಾಣಿ 1912ಕ್ಕೆ ದೂರು ಕೊಡಬೇಕು.

ಏಪ್ರಿಲ್–ಮೇ ತಿಂಗಳ ಸಂಜೆಯ ಗುಡುಗುಮಳೆ ಮನೆಯ ವಿದ್ಯುನ್ಮಾನ ಉಪಕರಣಗಳಿಗೆ ದೊಡ್ಡ ಅಪಾಯ. ಸ್ಪೈಕ್ ಗಾರ್ಡ್ ಸಣ್ಣ ಜಿಗಿತಗಳನ್ನು ತಡೆಯುತ್ತದೆ, ಸಿಡಿಲನ್ನು ತಡೆಯುವುದಿಲ್ಲ. ಸ್ವಿಚ್ ಆರಿಸಿದರೂ ಸಾಲದು, ಪ್ಲಗ್ಗನ್ನೇ ತೆಗೆಯಬೇಕು. ತಾಮ್ರದ ತಂತಿಯ ಟೆಲಿಫೋನ್, ಕೇಬಲ್ ಅಥವಾ ನೆಟ್‌ವರ್ಕ್ ಸಂಪರ್ಕ ಇದ್ದರೆ ಅದನ್ನೂ ಬಿಡಿಸಬೇಕು. ಫೈಬರ್ ಗಾಜಿನ ಎಳೆಯಾದ್ದರಿಂದ ಅದರಲ್ಲಿ ವಿದ್ಯುತ್ ಹರಿಯದು, ಆದರೆ ಮೋಡೆಮಿನ ಅಡಾಪ್ಟರ್ ಮೂಲಕ ಹರಿಯುತ್ತದೆ. ಗುಡುಗು ತಲೆಯ ಮೇಲೆ ಬಂದ ನಂತರ ಪ್ಲಗ್ ಕೀಳಲು ಹೋಗುವುದು ಅಪಾಯ. ಮೋಡ ಕಟ್ಟುವಾಗಲೇ ತೆಗೆಯಬೇಕು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ ‘ದಾಮಿನಿ’ ಆ್ಯಪ್ ಮೊಬೈಲಿನಲ್ಲಿದ್ದರೆ ಸಿಡಿಲಿನ ಮುನ್ಸೂಚನೆ ಸಿಗುತ್ತದೆ.

ದೂಳು ಮತ್ತು ಬಿಸಿ

ಕಂಪ್ಯೂಟರ್ ತನ್ನ ಬಿಸಿಯನ್ನು ಫ್ಯಾನಿನ ಗಾಳಿಯಿಂದ ಹೊರಹಾಕುತ್ತದೆ. ಗಾಳಿಯೊಂದಿಗೆ ದೂಳೂ ಒಳಗೆ ಬರುತ್ತದೆ. ಮಗ್ಗದ ಮನೆಗಳಲ್ಲಿ ಅದರ ಜೊತೆಗೆ ನೂಲಿನ ಸಣ್ಣ ಎಳೆಗಳೂ ಸೇರಿ, ಪ್ರೊಸೆಸರ್ ಮೇಲಿನ ಹೀಟ್‌ಸಿಂಕ್ ಮತ್ತು ಫ್ಯಾನಿನ ನಡುವೆ ಕಂಬಳಿಯಂತೆ ಕೂರುತ್ತವೆ. ಆಗ ಫ್ಯಾನ್ ಎಷ್ಟು ಜೋರಾಗಿ ತಿರುಗಿದರೂ ಬಿಸಿ ಹೊರಹೋಗದು. ಹೆಚ್ಚಿನ ಪ್ರೊಸೆಸರ್‌ಗಳು ಸುಮಾರು 100 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದಾಗ ತಮ್ಮ ವೇಗವನ್ನು ತಾವೇ ತಗ್ಗಿಸಿಕೊಳ್ಳುತ್ತವೆ, ಅದಕ್ಕೂ ಮೀರಿದರೆ ಯಂತ್ರ ಆರುತ್ತದೆ. ಬೆಳಗ್ಗೆ ಚೆನ್ನಾಗಿದ್ದ ಕಂಪ್ಯೂಟರ್ ಮಧ್ಯಾಹ್ನ ನಿಧಾನವಾದರೆ, ಚಾಲೂ ಮಾಡಿ ಅರ್ಧ ಗಂಟೆಯಲ್ಲಿ ತಾನಾಗಿ ಆರಿದರೆ, ಫ್ಯಾನಿನ ಸದ್ದು ಏರಿದರೆ ಮೊದಲು ಅನುಮಾನಿಸಬೇಕಾದದ್ದು ವೈರಸ್ಸನ್ನಲ್ಲ, ದೂಳನ್ನು.

ಸ್ವಚ್ಛ ಮಾಡುವ ಕ್ರಮ ಸರಳ. ಶಟ್‌ಡೌನ್ ಮಾಡಿ ಪ್ಲಗ್ ತೆಗೆದು, ಕ್ಯಾಬಿನೆಟ್ಟಿನ ಪಕ್ಕದ ಮುಚ್ಚಳ ಬಿಚ್ಚಬೇಕು. ಒಳಗೆ ಕೈಹಾಕುವ ಮುನ್ನ ಕ್ಯಾಬಿನೆಟ್ಟಿನ ಲೋಹವನ್ನು ಮುಟ್ಟಿದರೆ ಮೈಯಲ್ಲಿರುವ ಸ್ಥಿರ ವಿದ್ಯುತ್ ಇಳಿಯುತ್ತದೆ. ಫ್ಯಾನ್ ತಿರುಗದಂತೆ ಪೆನ್ಸಿಲಿನಿಂದ ತಡೆದು, ಬ್ಲೋಯರಿನಿಂದ ಬಿಟ್ಟುಬಿಟ್ಟು ಗಾಳಿ ಹಾಯಿಸಬೇಕು. ಅಂಟಿಕೊಂಡದ್ದನ್ನು ಒಣಗಿದ ಮೆತ್ತನೆಯ ಪೇಂಟ್ ಬ್ರಷ್ಷಿನಿಂದ ಸಡಿಲಿಸಬೇಕು. ಒದ್ದೆ ಬಟ್ಟೆ ಒಳಗೆ ತಾಗಬಾರದು. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಬಿಚ್ಚಕೂಡದು. ಪ್ಲಗ್ ತೆಗೆದ ಮೇಲೂ ಅದರ ಕೆಪ್ಯಾಸಿಟರ್‌ಗಳಲ್ಲಿ ವಿದ್ಯುತ್ ಉಳಿದಿರುತ್ತದೆ. ಸಾಧಾರಣ ಮನೆಗೆ ಆರು ತಿಂಗಳಿಗೊಮ್ಮೆ ಇಷ್ಟು ಸಾಕು. ಹೆದ್ದಾರಿ, ಕ್ರಷರ್ ಅಥವಾ ಮಗ್ಗದ ಪಕ್ಕದ ಮನೆಗೆ ಎರಡು–ಮೂರು ತಿಂಗಳಿಗೊಮ್ಮೆ ಬೇಕು. ಸ್ವಚ್ಛ ಮಾಡಿದ ಮೇಲೂ ಬಿಸಿ ಇಳಿಯದಿದ್ದರೆ ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್ ಒಣಗಿರಬಹುದು. ಅದನ್ನು ಅಂಗಡಿಯಲ್ಲಿ ಹೊಸದಾಗಿ ಹಚ್ಚಿಸಬಹುದು.

ಇಡುವ ಜಾಗವೂ ಮುಖ್ಯ. ಕ್ಯಾಬಿನೆಟ್ ನೆಲದ ಮೇಲಿರಬಾರದು, ಅದರ ಬೆನ್ನು ಗೋಡೆಗೆ ಒತ್ತಿರಬಾರದು. ಅಡುಗೆಮನೆಯ ಒಗ್ಗರಣೆಯ ಜಿಡ್ಡು, ದೇವರಮನೆಯ ಊದುಬತ್ತಿ–ಕರ್ಪೂರದ ಹೊಗೆ ದೂಳಿನೊಂದಿಗೆ ಬೆರೆತರೆ ಬ್ರಷ್ಷಿಗೂ ಬಿಡದಂತೆ ಅಂಟುತ್ತದೆ. ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲಿಟ್ಟರೆ ಕೆಳಗಿನ ಗಾಳಿಯ ಕಿಂಡಿ ಮುಚ್ಚುತ್ತದೆ. ಪ್ಲಾಸ್ಟಿಕ್ ಹೊದಿಕೆ ಹಾಕುವವರು ಯಂತ್ರ ಆರಿ ತಣ್ಣಗಾದ ಮೇಲೆ ಹಾಕಬೇಕು. ಕ್ಯಾಬಿನೆಟ್ಟಿನ ಹಿಂಬದಿಯಲ್ಲಿ ತೆರೆದಿರುವ ಕಾರ್ಡಿನ ಕಿಂಡಿಗಳಿಗೆ ತಗಡಿನ ಪಟ್ಟಿ ಹಾಕಿಸದಿದ್ದರೆ ಹಲ್ಲಿ, ಇರುವೆ, ಇಲಿಮರಿಗಳು ಬೆಚ್ಚಗಿನ ಜಾಗ ಹುಡುಕಿ ಒಳಗೆ ಸೇರಿಕೊಂಡು ಮದರ್‌ಬೋರ್ಡನ್ನು ಶಾರ್ಟ್ ಮಾಡುತ್ತವೆ.

ಕಂಪ್ಯೂಟರ್ ಚಾಲೂ ಆಗದಿದ್ದಾಗ

ಗುಂಡಿ ಒತ್ತಿದರೂ ಏನೂ ಆಗದಿದ್ದರೆ ಗೋಡೆಯಿಂದ ಶುರುಮಾಡಿ ಒಳಕ್ಕೆ ಬರಬೇಕು. ಅದೇ ಸಾಕೆಟ್ಟಿಗೆ ಮೊಬೈಲ್ ಚಾರ್ಜರ್ ಚುಚ್ಚಿ ಕರೆಂಟು ಇದೆಯೇ ನೋಡಬೇಕು. ನಂತರ ಯುಪಿಎಸ್ಸನ್ನು ಬಿಟ್ಟು ನೇರವಾಗಿ ಗೋಡೆಗೆ ಜೋಡಿಸಿ ನೋಡಬೇಕು. ಆಗ ಚಾಲೂ ಆದರೆ ದೋಷ ಯುಪಿಎಸ್‌ನದು. ಎಸ್‌ಎಂಪಿಎಸ್ ಹಿಂದಿನ ಸಣ್ಣ ಸ್ವಿಚ್ ಆರಿಲ್ಲವೇ, ಪವರ್ ಕೇಬಲ್ ಸಡಿಲವಾಗಿಲ್ಲವೇ ಎಂದು ನೋಡುವುದು ಮೂರನೆಯದು. ಲ್ಯಾಪ್‌ಟಾಪ್ ಆದರೆ ಚಾರ್ಜರ್ ತೆಗೆದು, ಬ್ಯಾಟರಿ ಬಿಚ್ಚುವಂತಿದ್ದರೆ ಬಿಚ್ಚಿ, ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು, ಮತ್ತೆ ಜೋಡಿಸಿ ಚಾಲೂ ಮಾಡಿದರೆ ಎಷ್ಟೋ ಸಲ ಎಚ್ಚರಗೊಳ್ಳುತ್ತದೆ.

ಫ್ಯಾನ್ ತಿರುಗುತ್ತಿದ್ದು ಪರದೆ ಕಪ್ಪಾಗಿದ್ದರೆ ಮಾನಿಟರಿನ ಕೇಬಲನ್ನು ಎರಡೂ ತುದಿಯಲ್ಲಿ ಒತ್ತಿ ನೋಡಬೇಕು. ‘ಬೀಪ್ ಬೀಪ್’ ಸದ್ದು ಬರುತ್ತಿದ್ದರೆ ಸಾಮಾನ್ಯವಾಗಿ ದೋಷ ರ‍್ಯಾಮ್‌ನದು. ಪ್ಲಗ್ ತೆಗೆದು ರ‍್ಯಾಮ್ ಪಟ್ಟಿಯನ್ನು ಬಿಚ್ಚಿ, ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ಅಳಿಸುವ ಮೆತ್ತನೆಯ ರಬ್ಬರಿನಿಂದ ಹಗುರವಾಗಿ ಉಜ್ಜಿ, ಚೂರುಗಳನ್ನು ಊದಿ ತೆಗೆದು, ‘ಟಕ್’ ಎಂದು ಕೂರುವವರೆಗೆ ಒತ್ತಿ ಹಾಕಿದರೆ ಸರಿಯಾಗಬಹುದು.

ದಿನಾಂಕ, ಸಮಯ ಮತ್ತೆಮತ್ತೆ ಹಿಂದಕ್ಕೆ ಹೋಗುವುದು, ಬ್ಯಾಂಕಿನ ಅಥವಾ ಸರ್ಕಾರಿ ಜಾಲತಾಣ ಸುರಕ್ಷಿತವಲ್ಲ ಎಂಬ ಎಚ್ಚರಿಕೆ ಬರುವುದು ಒಟ್ಟಿಗೇ ಕಾಣಿಸಿದರೆ ಮದರ್‌ಬೋರ್ಡಿನ ಬಿಲ್ಲೆಯಾಕಾರದ ಸಿಆರ್ 2032 ಬ್ಯಾಟರಿ ಮುಗಿದಿರುತ್ತದೆ. ಜಾಲತಾಣದ ಪ್ರಮಾಣಪತ್ರಕ್ಕೆ ಅವಧಿ ಇರುತ್ತದೆ. ಗಡಿಯಾರ ಹಿಂದಕ್ಕೆ ಹೋದರೆ ಸರಿಯಾದ ಪ್ರಮಾಣಪತ್ರವೂ ಕಂಪ್ಯೂಟರಿನ ಕಣ್ಣಿಗೆ ಅವಧಿ ಇನ್ನೂ ಶುರುವಾಗದ್ದಾಗಿ ಕಾಣುತ್ತದೆ. 3 ವೋಲ್ಟಿನ ಆ ಬ್ಯಾಟರಿಯನ್ನು ಬದಲಾಯಿಸಿ ದಿನಾಂಕ ತಿದ್ದಿದರೆ ಎರಡು ತೊಂದರೆಯೂ ಒಂದೇ ಸಲ ಹೋಗುತ್ತವೆ.

ಡಿಸ್ಕ್ ಮತ್ತು ಕಡತಗಳು

ಹಾರ್ಡ್ ಡಿಸ್ಕಿನೊಳಗೆ ತಿರುಗುವ ತಟ್ಟೆಗಳಿವೆ, ಅವುಗಳ ಮೇಲೆ ಕೂದಲೆಳೆಗಿಂತ ಕಡಿಮೆ ಅಂತರದಲ್ಲಿ ಓಡಾಡುವ ಓದುಮುಳ್ಳಿದೆ. ಬರೆಯುವ ಹೊತ್ತಿನಲ್ಲಿ ಕರೆಂಟು ಹೋದರೆ ಕಡತ ಅರ್ಧಕ್ಕೆ ನಿಲ್ಲುತ್ತದೆ. ಯಂತ್ರ ನಡೆಯುವಾಗ ಕ್ಯಾಬಿನೆಟ್ಟಿಗೆ ಪೆಟ್ಟು ಬಿದ್ದರೆ ತಟ್ಟೆಗೆ ಗಾಯವಾಗಬಹುದು. ‘ಟಿಕ್ ಟಿಕ್’ ಸದ್ದು, ಸಣ್ಣ ಕಡತ ತೆರೆಯಲೂ ನಿಮಿಷಗಟ್ಟಲೆ ಕಾಯುವುದು, ಫೋಲ್ಡರ್‌ಗಳು ಕಾಣೆಯಾಗುವುದು ಡಿಸ್ಕ್ ಮುಗಿಯುತ್ತಿರುವ ಗುರುತುಗಳು. ಆಗ ರಿಪೇರಿ ತಂತ್ರಾಂಶ ಓಡಿಸಲು ಹೋಗದೆ ಮೊದಲು ಮುಖ್ಯ ಕಡತಗಳನ್ನು ಬೇರೆಡೆ ನಕಲಿಸಬೇಕು. ತಪ್ಪಿ ಅಳಿಸಿದ ಕಡತ ಮರಳಿ ಬೇಕಿದ್ದರೆ ಆ ಡಿಸ್ಕಿಗೆ ಹೊಸದೇನನ್ನೂ ಬರೆಯಬಾರದು. ಅಳಿಸಿದ ಜಾಗದ ಮೇಲೆ ಹೊಸದು ಕೂತರೆ ಹಳೆಯದು ಸಿಗುವುದಿಲ್ಲ.

ಹಳೆಯ ಕಂಪ್ಯೂಟರಿಗೆ ಹೆಚ್ಚು ಫಲ ಕೊಡುವ ಖರ್ಚೆಂದರೆ ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿಸುವುದು. ಅದರಲ್ಲಿ ತಿರುಗುವ ಭಾಗವಿಲ್ಲ, ವಿಂಡೋಸ್ ತೆರೆದುಕೊಳ್ಳುವ ಸಮಯ ಗಣನೀಯವಾಗಿ ಇಳಿಯುತ್ತದೆ. ರ‍್ಯಾಮ್ 4 ಜಿಬಿ ಇದ್ದರೆ 8ಕ್ಕೆ ಏರಿಸುವುದು ಎರಡನೆಯ ಹೆಜ್ಜೆ.

ಬ್ಯಾಕಪ್‌ಗೆ ಜಗತ್ತಿನಾದ್ಯಂತ ಒಪ್ಪಿತವಾದ ಸೂತ್ರ 3–2–1: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಮನೆಯ ಹೊರಗೆ. ಕಂಪ್ಯೂಟರಿನಲ್ಲಿ ಒಂದು, ಹೊರಗಿನ ಹಾರ್ಡ್ ಡಿಸ್ಕಿನಲ್ಲಿ ಒಂದು, ಕ್ಲೌಡ್‌ನಲ್ಲೋ ಊರಾಚೆಯ ಬಂಧುಗಳ ಮನೆಯ ಡಿಸ್ಕಿನಲ್ಲೋ ಇನ್ನೊಂದು ಇದ್ದರೆ ಸೂತ್ರ ಪೂರ್ತಿಯಾಗುತ್ತದೆ. ಹೊರಗಿನ ಡಿಸ್ಕನ್ನು ನಕಲಿಸಿದ ಕೂಡಲೇ ಬಿಡಿಸಿಡಬೇಕು. ಜೋಡಿಸಿಯೇ ಇದ್ದರೆ ಸಿಡಿಲೂ ವೈರಸ್ಸೂ ಎರಡು ಪ್ರತಿಯನ್ನೂ ಒಟ್ಟಿಗೆ ಹಾಳುಮಾಡುತ್ತವೆ. ಕ್ರಯಪತ್ರದ ಸ್ಕ್ಯಾನ್, ಅಂಕಪಟ್ಟಿ, ಮಗ್ಗದ ಅಥವಾ ಅಂಗಡಿಯ ಲೆಕ್ಕ, ಕುಟುಂಬದ ಫೋಟೊಗಳು ಮೊದಲ ಸಾಲಿಗೆ ಸೇರಬೇಕಾದವು. ಪೆನ್ ಡ್ರೈವ್ ಕಡತ ಸಾಗಿಸಲು ಚೆನ್ನ, ವರ್ಷಗಟ್ಟಲೆ ಕಾಪಾಡಲು ಅಲ್ಲ.

ತಂತ್ರಾಂಶ

ಕರೆಂಟು, ಬಿಸಿ, ಡಿಸ್ಕ್ ಮೂರೂ ಸರಿಯಿದ್ದು ಯಂತ್ರ ಇನ್ನೂ ನಿಧಾನವಾಗಿದ್ದರೆ ತಂತ್ರಾಂಶದ ಕಡೆ ತಿರುಗಬೇಕು. ಮೊದಲ ಕೆಲಸ ‘ರೀಸ್ಟಾರ್ಟ್’. ವಿಂಡೋಸ್ 10 ಮತ್ತು 11ರಲ್ಲಿ ಬೇಗ ಚಾಲೂ ಆಗಲೆಂದು ‘ಫಾಸ್ಟ್ ಸ್ಟಾರ್ಟಪ್’ ಎಂಬ ಏರ್ಪಾಡಿದೆ. ಅದರಿಂದಾಗಿ ಶಟ್‌ಡೌನ್ ಮಾಡಿದರೂ ವ್ಯವಸ್ಥೆಯ ಒಂದು ಭಾಗ ಹಿಂದಿನ ಸ್ಥಿತಿಯಲ್ಲೇ ಉಳಿಯುತ್ತದೆ. ರೀಸ್ಟಾರ್ಟ್ ಮಾಡಿದಾಗ ಮಾತ್ರ ಎಲ್ಲವೂ ಹೊಸದಾಗಿ ಶುರುವಾಗುತ್ತದೆ. ನಂತರ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಯಾವ ತಂತ್ರಾಂಶ ರ‍್ಯಾಮನ್ನೂ ಡಿಸ್ಕನ್ನೂ ನುಂಗುತ್ತಿದೆ ಎಂಬುದು ಅಲ್ಲಿ ಕಾಣುತ್ತದೆ. ಅಲ್ಲಿಯ ‘ಸ್ಟಾರ್ಟಪ್’ ಪಟ್ಟಿಯಲ್ಲಿ ಬೇಡದವನ್ನು ನಿಲ್ಲಿಸಬಹುದು. ಸಿ ಡ್ರೈವಿನಲ್ಲಿ ಐದನೆಯ ಒಂದು ಭಾಗದಷ್ಟಾದರೂ ಖಾಲಿ ಇರಬೇಕು. ಎರಡು ಆ್ಯಂಟಿವೈರಸ್ ಒಟ್ಟಿಗೆ ಇರಕೂಡದು, ಒಂದು ಇನ್ನೊಂದರ ಕಾಲೆಳೆಯುತ್ತದೆ. ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಮನೆಬಳಕೆಗೆ ಸಾಕು.

ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್, ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಸಂಗ್ರಹ ಮತ್ತು ಇತ್ತೀಚಿನ ಪ್ರೊಸೆಸರ್ ಬೇಕು. ಅಷ್ಟಿಲ್ಲದ ಯಂತ್ರವನ್ನು ಎಸೆಯಬೇಕಾಗಿಲ್ಲ. ಉಬುಂಟು, ಲಿನಕ್ಸ್ ಮಿಂಟ್‌ನಂಥ ಉಚಿತ ವ್ಯವಸ್ಥೆಗಳು ಅದರಲ್ಲಿ ಚೆನ್ನಾಗಿ ಓಡುತ್ತವೆ, ಅವುಗಳಲ್ಲಿ ಕನ್ನಡ ಬರೆಯಲೂ ಬರುತ್ತದೆ. ಕದ್ದ ವಿಂಡೋಸ್‌ಗೆ ಹಾಕುವ ‘ಆ್ಯಕ್ಟಿವೇಟರ್’ ತಂತ್ರಾಂಶಗಳಲ್ಲಿ ಹಲವು ತಾವೇ ವೈರಸ್ ಹೊತ್ತು ಬರುತ್ತವೆ.

‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆಯ ಅರ್ಜಿ, ಕರಾರುಪತ್ರಗಳು ಬೇರೆ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುವುದು ಇಲ್ಲಿನ ಮನೆಗಳಲ್ಲಿ ಸಾಮಾನ್ಯ ದೂರು. ಅದು ವೈರಸ್ಸೂ ಅಲ್ಲ, ಕಡತ ಕೆಟ್ಟಿರುವುದೂ ಅಲ್ಲ. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿಯ ಹಳೆಯ ಅಕ್ಷರಶೈಲಿಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳನ್ನೇ ಕನ್ನಡಕ್ಕೆ ಬಳಸಿಕೊಂಡಿದ್ದವು. ಆ ಫಾಂಟ್ ಇಲ್ಲದ ಯಂತ್ರಕ್ಕೆ ಅದು ಕನ್ನಡವೆಂದು ತಿಳಿಯದು. ನುಡಿ ಹಾಕಿಕೊಂಡರೆ ಬರಹ ಮತ್ತೆ ಕಾಣುತ್ತದೆ. ಶಾಶ್ವತ ಪರಿಹಾರವೆಂದರೆ ಪರಿವರ್ತಕದಿಂದ ಯೂನಿಕೋಡಿಗೆ ಬದಲಾಯಿಸಿಡುವುದು. ಯೂನಿಕೋಡ್ ಕನ್ನಡ ಓದಲು, ಬರೆಯಲು ಬೇಕಾದ ಫಾಂಟ್ ಮತ್ತು ಕೀಲಿಮಣೆ ಈಗಿನ ವಿಂಡೋಸ್‌ನಲ್ಲೇ ಇವೆ.

ಇಂಟರ್‌ನೆಟ್ ಮತ್ತು ವಂಚನೆ

ಇಂಟರ್‌ನೆಟ್ ನಿಂತರೆ ಫೈಬರ್ ಪೆಟ್ಟಿಗೆಯ ದೀಪಗಳನ್ನು ಮೊದಲು ನೋಡಬೇಕು. ‘ಲಾಸ್’ ಎಂಬ ಕೆಂಪು ದೀಪ ಉರಿಯುತ್ತಿದ್ದರೆ ಬೀದಿಯಲ್ಲೆಲ್ಲೋ ಫೈಬರ್ ತುಂಡಾಗಿದೆ ಅಥವಾ ಮನೆಯೊಳಗೆ ಮಡಚಿಕೊಂಡಿದೆ. ಕಂಪ್ಯೂಟರಿನಲ್ಲಿ ಏನು ತಿದ್ದಿದರೂ ಪ್ರಯೋಜನವಿಲ್ಲ. ಆ ದೀಪ ಇಲ್ಲದಿದ್ದರೆ ಪೆಟ್ಟಿಗೆಯನ್ನು ಅರ್ಧ ನಿಮಿಷ ಆರಿಸಿ ಹಾಕಬೇಕು. ಕಲ್ಲಿನ ದಪ್ಪ ಗೋಡೆಯ ಹಳೆಯ ಮನೆಗಳಲ್ಲಿ 5 ಗಿಗಾಹರ್ಟ್ಸ್ ವೈಫೈ ಪಕ್ಕದ ಕೋಣೆಗೂ ದಾಟುವುದು ಕಷ್ಟ. ಅಲ್ಲಿ ವೇಗ ಕಡಿಮೆಯಾದರೂ 2.4 ಗಿಗಾಹರ್ಟ್ಸ್ ವಾಸಿ.

ಪರದೆಯ ಮೇಲೆ ‘ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಈ ಸಂಖ್ಯೆಗೆ ಕರೆ ಮಾಡಿ’ ಎಂದು ಬಂದರೆ ಅದು ಮೋಸ. ಯಾವ ತಂತ್ರಾಂಶ ಕಂಪನಿಯೂ ಹೀಗೆ ಕರೆಯುವುದಿಲ್ಲ. ದೂರದಿಂದ ಕಂಪ್ಯೂಟರ್ ನಡೆಸುವ ತಂತ್ರಾಂಶವನ್ನು ಅಪರಿಚಿತರ ಮಾತು ಕೇಳಿ ಹಾಕಿಕೊಂಡರೆ ಬ್ಯಾಂಕಿನ ಖಾತೆಯನ್ನೇ ಅವರ ಕೈಗಿಟ್ಟಂತೆ. ಹಾಗಾಗಿದ್ದರೆ ಇಂಟರ್‌ನೆಟ್ ಕಡಿದು, ಬ್ಯಾಂಕಿಗೆ ತಿಳಿಸಿ, ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಹಣ ಮುಂದಿನ ಖಾತೆಗೆ ದಾಟುವ ಮೊದಲು ದೂರು ತಲುಪಿದರೆ ತಡೆಹಿಡಿಯಲು ಅವಕಾಶವಿರುತ್ತದೆ. ವೈರಸ್ ತೆಗೆಯುವ ಉಚಿತ ಸಾಧನಗಳು ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ ‘ಸೈಬರ್ ಸ್ವಚ್ಛತಾ ಕೇಂದ್ರ’ದ ತಾಣದಲ್ಲಿ ಸಿಗುತ್ತವೆ.

ಅಂಗಡಿಗೆ ಕೊಡುವಾಗ, ವಿಲೇವಾರಿ ಮಾಡುವಾಗ

ಇಷ್ಟಾದರೂ ಸರಿಹೋಗದಿದ್ದರೆ ರಿಪೇರಿ ಅಂಗಡಿಗೆ ಒಯ್ಯಬೇಕು. ಯಂತ್ರ ತೆರೆಯುವ ಸ್ಥಿತಿಯಲ್ಲಿದ್ದರೆ ಕಡತಗಳನ್ನು ನಕಲಿಸಿಕೊಂಡು, ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳನ್ನು ಅಳಿಸಿ ಕೊಡಬೇಕು. ಮಾಡೆಲ್ ಮತ್ತು ಸೀರಿಯಲ್ ಸಂಖ್ಯೆ ಬರೆದಿಟ್ಟುಕೊಳ್ಳಬೇಕು. ‘ಕೇಳದೆ ಫಾರ್ಮ್ಯಾಟ್ ಮಾಡಬೇಡಿ’ ಎಂದು ಚೀಟಿಯಲ್ಲೇ ಬರೆಸಬೇಕು. ಬದಲಾಯಿಸಿದ ಹಳೆಯ ಬಿಡಿಭಾಗವನ್ನು ಕೇಳಿ ಪಡೆಯಬೇಕು.

ರಿಪೇರಿಗೆ ಮೀರಿದ ಯಂತ್ರವನ್ನು ಬರಿಯ ತೂಕಕ್ಕೆ ಗುಜರಿಗೆ ಹಾಕುವುದರಿಂದ ಊರಿಗೇ ಹಾನಿ. ತಾಮ್ರಕ್ಕಾಗಿ ತಂತಿ ಸುಟ್ಟಾಗ ವಿಷದ ಹೊಗೆ ಏಳುತ್ತದೆ. ಬೆಸುಗೆಯ ಮತ್ತು ಹಳೆಯ ದಪ್ಪ ಮಾನಿಟರ್ ಗಾಜಿನ ಸೀಸ ಮಣ್ಣಿಗೂ ನೀರಿಗೂ ಸೇರುತ್ತದೆ. ದೇಶದಲ್ಲಿ ಇ–ತ್ಯಾಜ್ಯವನ್ನು ಅಧಿಕೃತವಾಗಿ ಸಂಸ್ಕರಿಸಲು ಮೊದಲು ತೊಡಗಿದ ಘಟಕಗಳಲ್ಲಿ ಒಂದಾದ ‘ಇ–ಪರಿಸರ’ ಇರುವುದು ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆ ಕೈಗಾರಿಕಾ ಪ್ರದೇಶದಲ್ಲಿ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿರುವ ಇ–ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಉಪಕರಣಗಳ ಮರುಬಳಕೆಯ ಹೊಣೆ ತಯಾರಕರದು. ನೋಂದಾಯಿತ ಮರುಬಳಕೆದಾರರಿಗೇ ಅವು ತಲುಪಬೇಕು. ಯುಪಿಎಸ್ಸಿನ ಸೀಸದ ಬ್ಯಾಟರಿಯನ್ನು ಹೊಸದು ಕೊಳ್ಳುವಾಗ ಮಾರುವವರಿಗೇ ಮರಳಿಸಬಹುದು. ಕಂಪ್ಯೂಟರ್ ಕೊಡುವ ಮುನ್ನ ಡಿಸ್ಕನ್ನು ಬಿಚ್ಚಿ ಇಟ್ಟುಕೊಳ್ಳಬೇಕು, ಇಲ್ಲವೇ ಪೂರ್ತಿ ಒರೆಸುವ ತಂತ್ರಾಂಶದಿಂದ ಖಾಲಿಮಾಡಬೇಕು. ಬರಿಯ ಕ್ವಿಕ್ ಫಾರ್ಮ್ಯಾಟ್ ಮಾಡಿದ ಡಿಸ್ಕಿನಿಂದ ಕಡತಗಳನ್ನು ಮತ್ತೆ ತೆಗೆಯಲು ಬರುತ್ತದೆ.